ಚಾಲೂ ಇಟ್ಟು ಹಾಕಿದ ಬೀಗ

"ಗುರುಗಳ, ಮೋಟಾರು ಬಿಸಿ ಆದ್ರ ತಾನ ಬಿದ್ದು ಕರೆಂಟ್ ಕಡಿಯೋ ಬ್ರೇಕರ್ ಹಾಕು ಅಂತ ಕಲಿಸಿದವರು ನೀವು. ಈ ಬೆಂಕಿ ಆರಸೋ ಪಂಪಿಗೆ ಮಾತ್ರ ಹಾಕಗೊಡವಲ್ರಿ. ಮ್ಯಾಲ ಸ್ವಿಚ್ ಚಾಲೂ ಇಟ್ಟು ಬೀಗ ಜಡಿದು, ಕೀಲಿ ನಿಮ್ಮ ಕಿಸೆದಾಗ ಇಟಗೊಂಡೀರಿ. ನನ್ನ ಮ್ಯಾಲ ನಂಬಿಕಿ ಇಲ್ಲೇನ್ರಿ?"

ಕೇಳಿದವಳು ಹುಲಿಗೆಮ್ಮ, ಮುರಿಗೆಪ್ಪ ಮೇಸ್ತ್ರಿಗಳ ಶಿಷ್ಯೆ. ಆಸ್ಪತ್ರೆಯ ಆ ಮೋಟಾರಿಗೆ ಮೂರು ದಿನ ಕೂತು ತಂತಿ ಸುತ್ತಿದವಳು ಅವಳೇ. ಅದರ ಉಸ್ತುವಾರಿಯೂ ನಾಳೆಯಿಂದ ಅವಳದೇ. ಮುರಿಗೆಪ್ಪ ಮೇಸ್ತ್ರಿಗಳು ಅವಳ ಮುಖ ನೋಡಿ ನಕ್ಕರು. ಬೈಯಬೇಕಾದಾಗಲೂ ಕತೆ ಹೇಳುವುದು ಅವರ ಚಾಳಿ. ಅಲ್ಲೇ ತಂತಿಯ ಸುರುಳಿಯ ಮೇಲೆ ಕೂತು ಶುರು ಮಾಡಿದರು.

ಒಬ್ಬ ವ್ಯಾಪಾರಿಗೆ ಹತ್ತಿ ಮಿಲ್ಲು ಇತ್ತು. ಮಿಲ್ಲಿನ ವೈರ್‌ಮನ್ನಿಗೆ ಅಲ್ಲಿನ ಬೆಂಕಿ ಪಂಪೆಂದರೆ ಪ್ರಾಣ. ವಾರಕ್ಕೊಮ್ಮೆ ಓಡಿಸಿ, ಹಿಂಗೈಯಿಂದ ಮೈ ಮುಟ್ಟಿ ನೋಡುತ್ತಿದ್ದ. ಮಗುವಿಗೆ ಜ್ವರ ಬಂದಿದೆಯೇ ಎಂದು ತಾಯಿ ನೋಡುವ ಹಾಗೆ. ಹೆಂಡತಿಗೆ ನೆಗಡಿಯಾದರೆ ಅವನಿಗೆ ಗೊತ್ತಾಗುತ್ತಿರಲಿಲ್ಲ, ಪಂಪಿನ ಸದ್ದು ಒಂಚೂರು ಬದಲಾದರೆ ಊಟ ಸೇರುತ್ತಿರಲಿಲ್ಲ.

ಪಂಪಿಗೆ ವೈರಿಂಗ್ ಮಾಡಿದವನು ಒಬ್ಬ ಮುದುಕ. ಅವನು ಮಿಲ್ಲಿನ ಮೇನ್ ಸ್ವಿಚ್ಚಿಗೆ ಸಂಬಂಧವಿಲ್ಲದಂತೆ ಪಂಪಿಗೆ ಬೇರೆಯೇ ತಂತಿ ಎಳೆದಿದ್ದ. ಮೋಟಾರು ಬಿಗಿದುಕೊಂಡು ನಿಂತೇಹೋದರೂ ಬೀಳದಷ್ಟು ದೊಡ್ಡ ಬ್ರೇಕರ್ ಹಾಕಿದ್ದ. ತಂತಿಗೆ ತಂತಿ ತಾಗಿದರೆ ಮಾತ್ರ ಅದು ಬೀಳುತ್ತಿತ್ತು. ಪೈಪಿನ ನಲ್ಲಿ ತಿರುಗಿಸಿದರೆ ತಾನಾಗಿ ಓಡುವ ಆ ಪಂಪಿನ ಸ್ವಿಚ್ಚನ್ನು ಚಾಲೂ ಇಟ್ಟು ಬೀಗ ಹಾಕಿ, ಕೀಲಿಯನ್ನು ವ್ಯಾಪಾರಿಯ ಕೈಗೆ ಕೊಟ್ಟು ಹೋಗಿದ್ದ. ಬಂದ್ ಮಾಡಿದ ಸ್ವಿಚ್ಚಿಗೆ ಬೀಗ ಹಾಕುವುದನ್ನು ವೈರ್‌ಮನ್ ಕಂಡಿದ್ದ, ಇದನ್ನು ಕಂಡಿರಲಿಲ್ಲ. ಮುದುಕನಿಗೆ ಅರಳುಮರಳು ಎಂದುಕೊಂಡ.

ಒಂದು ಮಧ್ಯಾಹ್ನ ಹತ್ತಿಗೆ ಬೆಂಕಿ ಬಿತ್ತು. ಯಾರೋ ಓಡಿಹೋಗಿ ಮೇನ್ ಸ್ವಿಚ್ ಎಳೆದರು. ಮಿಲ್ಲೆಲ್ಲ ನಿಂತಿತು, ಪಂಪೊಂದೇ ಓಡುತ್ತಿತ್ತು. ಹಿಂದಿನ ಶೆಡ್ಡಿನಲ್ಲಿ ಹತ್ತಿ ಆರಿಸುತ್ತಿದ್ದ ಹನ್ನೊಂದು ಹೆಂಗಸರು ಸಿಕ್ಕಿಬಿದ್ದಿದ್ದರು. ಬಾಗಿಲ ಮೇಲೆ ನೀರು ಸುರಿಯುತ್ತಿದ್ದರೆ ಮಾತ್ರ ಅವರಿಗೆ ದಾರಿ.

ಅಷ್ಟರಲ್ಲಿ ಮೋಟಾರಿನ ಬೇರಿಂಗು ಸರಾಗ ತಿರುಗದೆ ಬಿಗಿದುಕೊಳ್ಳತೊಡಗಿತು. ತಂತಿಯ ಮೇಲಿನ ವಾರ್ನಿಷ್ ಸುಟ್ಟ ವಾಸನೆ ವೈರ್‌ಮನ್ನಿನ ಮೂಗಿಗೆ ಬಡಿಯಿತು. ಆ ವಾಸನೆ ಬಂದರೆ ವೈರ್‌ಮನ್ನಿನ ಕೈ ಯಾರನ್ನೂ ಕೇಳುವುದಿಲ್ಲ, ಸೀದಾ ಸ್ವಿಚ್ಚಿಗೆ ಹೋಗುತ್ತದೆ. ಇವನದೂ ಹೋಯಿತು. ಬೀಗ ತಡೆಯಿತು. ಒಂದೇ ನಿಮಿಷ ತಣ್ಣಗಾಗಲಿ, ಆಮೇಲೆ ಮತ್ತೆ ಚಾಲೂ ಮಾಡಿದರಾಯಿತು ಎಂದುಕೊಂಡು ನಟ್ಟು ಬಿಚ್ಚುವ ಪಾನಾ ಎತ್ತಿ ಬೀಗಕ್ಕೆ ಬಡಿದ. ಬಡಿದೇ ಬಡಿದ. ಹೆಂಗಸರ ನೆನಪು ಅವನಿಗೆ ಬರಲೇ ಇಲ್ಲ. ಅವನು ಕೆಟ್ಟವನಲ್ಲ, ಪಾಪ. ಕಣ್ಣೆದುರು ಬೇಯುತ್ತಿದ್ದದ್ದು ಅವನ ಮೋಟಾರು.

ಬೀಗ ಮುರಿಯಲಿಲ್ಲ. ಪಂಪು ಮೈಯೆಲ್ಲ ಹೊಗೆಯಾಗಿ ಓಡಿ, ಕೊನೆಗೊಮ್ಮೆ ನರಳಿ ನಿಂತಿತು. ವೈರ್‌ಮನ್ ಅದರ ಪಕ್ಕ ಕುಸಿದು ಗೊಳೋ ಎಂದು ಅತ್ತ.

ಆಗ ತಲೆಯಿಂದ ಕಾಲಿನವರೆಗೆ ತೊಯ್ದುಹೋಗಿದ್ದ ಒಬ್ಬ ಮುದುಕಿ ಬಂದು ಅವನ ಬೆನ್ನ ಮೇಲೆ ಕೈಯಿಟ್ಟಳು. "ಯಾರ ಸತ್ತಾರಂತ ಹಿಂಗ ಅಳಾಕತ್ತೀಯೋ ತಮ್ಮಾ? ನಾವು ಹನ್ನೊಂದು ಮಂದೀನೂ ಹೊರಗ ಬಂದೀವಲ್ಲ!"

ವೈರ್‌ಮನ್ ತಲೆಯೆತ್ತಿ ಅವಳನ್ನು ನೋಡಿದ. ಕೈಯಲ್ಲಿದ್ದ ಪಾನಾವನ್ನು ಎಲ್ಲಿ ಬಚ್ಚಿಡಬೇಕೆಂದು ಅವನಿಗೆ ತಿಳಿಯಲಿಲ್ಲ.

ಕತೆ ಮುಗಿಸಿ ಮುರಿಗೆಪ್ಪ ಎದ್ದರು. ಹುಲಿಗೆಮ್ಮನ ಕೈಗೆ ಅಂಟಿದ್ದ ವಾರ್ನಿಷನ್ನು ತಮ್ಮ ಟವೆಲಿನಿಂದ ಒರೆಸುತ್ತ ಹೇಳಿದರು:

"ನಿನ್ನ ಮ್ಯಾಲ ನನಗ ಪೂರಾ ನಂಬಿಕಿ ಐತವ್ವ, ಮೋಟಾರಿನ ಮ್ಯಾಗಿನ ನಿನ್ನ ಪ್ರೀತಿ ಮ್ಯಾಲ ಇಲ್ಲ."