ಮೊದಲೇ ಬರೆದಿದ್ದ ಸಾಲು

“ಗುರುಗಳೇ, ಲಿವರ್ ಕ್ಯಾನ್ಸರನ್ನು ಈಗ ಕಂಪ್ಯೂಟರು ನಮಗಿಂತ ಮೊದಲೇ ಸ್ಕ್ಯಾನಿನಲ್ಲಿ ಗುರುತಿಸುತ್ತದೆ. ಇನ್ನು ನನ್ನಂಥ ವೈದ್ಯನಿಗೆ ಏನು ಕೆಲಸ ಉಳಿಯಿತು?” ಎಂದು ಶಿಷ್ಯ ಕೇಳಿದ. ಅವನು ಆಸ್ಪತ್ರೆಯಲ್ಲಿ ಸ್ಕ್ಯಾನ್ ನೋಡಿ ವರದಿ ಬರೆಯುವವನು.

“ಕೆಲಸ ಕಡಿಮೆಯಾದರೆ ಯಾರಾದರೂ ಮುಖ ಬಾಡಿಸಿಕೊಳ್ಳುತ್ತಾರೇನಯ್ಯಾ? ಕೂತುಕೋ” ಎಂದು ಗುರುಗಳು ಕತೆ ಹೇಳಿದರು.

ಒಬ್ಬ ವೈದ್ಯನಿದ್ದ. ಅವನದೂ ನಿನ್ನದೇ ಕೆಲಸ. ಅವನ ವರದಿಯ ನಮೂನೆಯಲ್ಲಿ ‘ಲಿವರ್ ಸಹಜವಾಗಿದೆ’ ಎಂಬ ಸಾಲು ಮೊದಲೇ ಇರುತ್ತಿತ್ತು. ದೋಷ ಕಂಡರೆ ಅಳಿಸಬೇಕು, ಇಲ್ಲದಿದ್ದರೆ ಹಾಗೇ ಬಿಡಬೇಕು. ಒಂದು ದಿನ ಒಬ್ಬ ದರ್ಜಿ ಹೊಟ್ಟೆನೋವೆಂದು ಬಂದ. ಸ್ಕ್ಯಾನಿನಲ್ಲಿ ಮೂತ್ರಪಿಂಡದ ಕಲ್ಲು ಕಂಡಿತು. ಕಲ್ಲು ಸಿಕ್ಕ ಸಮಾಧಾನದಲ್ಲಿ ವೈದ್ಯ ಲಿವರಿನ ಕಡೆ ಸರಿಯಾಗಿ ನೋಡಲಿಲ್ಲ. ಆ ಸಾಲು ಹಾಗೇ ಉಳಿಯಿತು, ಕೆಳಗೆ ಸಹಿಯೂ ಬಿತ್ತು.

ಆರು ತಿಂಗಳ ಮೇಲೆ ಆಸ್ಪತ್ರೆಗೆ ಹೊಸ ಕಂಪ್ಯೂಟರು ಬಂತು. ಪರೀಕ್ಷಿಸಲೆಂದು ಅದಕ್ಕೆ ಹಳೆಯ ಸ್ಕ್ಯಾನುಗಳನ್ನು ಕೊಟ್ಟರು. ದರ್ಜಿಯ ಲಿವರಿನಲ್ಲಿ ಅದು ಒಂದು ಕಡೆ ಗುರುತು ಹಾಕಿತು. ವೈದ್ಯ ಮತ್ತೆ ನೋಡಿದ. ಕಡಲೆಕಾಳಿನಷ್ಟು ಗಂಟು. ಅವನ ಜೀವ ಬಾಯಿಗೆ ಬಂತು.

ನಿಜ ಹೇಳಲು ಹೆದರಿ, ‘ಇನ್ನೊಮ್ಮೆ ಸ್ಕ್ಯಾನಿಗೆ ಬನ್ನಿ’ ಎಂದಷ್ಟೇ ಫೋನ್ ಮಾಡಿಸಿದ. ‘ಕಲ್ಲು ಬಿದ್ದುಹೋಯ್ತು. ಮಿಕ್ಕಿದ್ದೆಲ್ಲ ಸರಿಯಾಗಿದೆ ಅಂತ ನಿಮ್ಮ ಡಾಕ್ಟ್ರೇ ಬರೆದಿದ್ದಾರಲ್ಲ’ ಎಂದು ದರ್ಜಿ ಫೋನ್ ಇಟ್ಟುಬಿಟ್ಟ. ತನ್ನ ಸಾಲೇ ಅವನನ್ನು ಬರಗೊಡುತ್ತಿಲ್ಲವೆಂದು ವೈದ್ಯನಿಗೆ ಸಂಕಟವಾಯಿತು. ಮರುದಿನ ಬಸ್ಸು ಹತ್ತಿ ದರ್ಜಿಯ ಅಂಗಡಿಗೇ ಹೋದ.

‘ಆ ವರದಿ ಬರೆದವನು ನಾನೇ. ನಿಮ್ಮ ಲಿವರಿನಲ್ಲಿ ಗಂಟಿದೆ, ಕ್ಯಾನ್ಸರ್ ಇರಬಹುದು. ಅವತ್ತು ನಾನು ಸರಿಯಾಗಿ ನೋಡ್ಲಿಲ್ಲ. ತಪ್ಪು ನನ್ನದು’ ಎಂದ.

ಹೊಲಿಗೆಯಂತ್ರ ತುಳಿಯುತ್ತಿದ್ದ ದರ್ಜಿಯ ಕಾಲು ನಿಂತಿತು. ಅವನಿಗೆ ಸಿಟ್ಟು ಬಂತು. ತಪ್ಪು ಒಪ್ಪಿಕೊಳ್ಳಲೆಂದೇ ಇಷ್ಟು ದೂರ ಬಂದ ವೈದ್ಯನನ್ನು ಕಂಡು ಅಯ್ಯೋ ಪಾಪ ಎಂದೂ ಅನ್ನಿಸಿತು. ಸ್ಟೂಲು ಮುಂದಕ್ಕೆ ತಳ್ಳಿದ.

‘ಕೂತ್ಕೊಳ್ಳಿ ಸ್ವಾಮಿ. ಈಗ ಬಂದ್ರೆ ಉಳೀತೀನಾ?’

‘ಇನ್ನೂ ಸಮಯ ಇದೆ ಅಂತ ನಂಬಿದ್ದೀನಿ. ಬನ್ನಿ, ಜೊತೆಗೇ ಹೋಗೋಣ.’

ದರ್ಜಿ ಅಂಗಡಿಗೆ ಬೀಗ ಹಾಕಿದ. ಗಂಟು ಕ್ಯಾನ್ಸರೇ ಆಗಿತ್ತು, ಆದರೆ ಹರಡಿರಲಿಲ್ಲ. ಶಸ್ತ್ರಚಿಕಿತ್ಸೆಯಾಯಿತು, ದರ್ಜಿ ಬದುಕಿದ.

ಕತೆ ಮುಗಿದರೂ ಶಿಷ್ಯ ತಲೆ ಎತ್ತಲಿಲ್ಲ. ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟರು.

“ಈಗ ಹೇಳು ಮಗು, ನಿನ್ನ ಕಣ್ಣಿಗೆ ತಪ್ಪಿದ ಗಂಟು ಯಾರದು? ನೀನು ಹೋಗಬೇಕಾದ ಮನೆ ಯಾವ ಊರಿನಲ್ಲಿದೆ?”