ಯಾರೂ ಹೊರದ ಹರಕೆ

“ಬುದ್ಧಿ, ಕತ್ತು ಹಿಡಿದು ಹೊರಗೆ ನೂಕಿದವನು ಬೆಳಗಾಗುತ್ತಲೇ ಮತ್ತೆ ನಡುಮನೆಯಲ್ಲಿ ಕೂತಿದ್ದರೆ, ಬಾಗಿಲು ತೆಗೆದವರನ್ನಲ್ಲದೆ ಇನ್ನು ಯಾರನ್ನು ಬೈಯಲಿ?” ಎಂದು ಶಿಷ್ಯ ಸದ್ಯೋಜಾತ ಕೇಳಿದ. ಅವನ ಮೈಯೆಲ್ಲ ಉರಿಯುತ್ತಿತ್ತು.

ಉರಿಯುವುದಕ್ಕೆ ಕಾರಣವಿತ್ತು. ಮಠದ ಕಂಪ್ಯೂಟರಿಗೆ ಎಲ್ಲಿಂದಲೋ ಒಂದು ಕೆಟ್ಟ ತಂತ್ರಾಂಶ ಹೊಕ್ಕು, ಮಠದ ಹೆಸರಿನಲ್ಲೇ ಭಕ್ತರಿಗೆಲ್ಲ ಹೊಲಸು ಸಂದೇಶ ಕಳಿಸುತ್ತಿತ್ತು. ಸದ್ಯೋಜಾತ ಅದನ್ನು ಹುಡುಕಿ ಹುಡುಕಿ ಅಳಿಸಿದ. ಮರುದಿನ ಕಂಪ್ಯೂಟರ್ ಆನ್ ಮಾಡಿದರೆ ಅದು ಮತ್ತೆ ಹಾಜರು. ದಿನಾ ಬೆಳಿಗ್ಗೆ ಆನ್ ಮಾಡುವವಳು ಕಚೇರಿಯ ಮರುಳಮ್ಮ. ಗಂಡನಿಲ್ಲದ ಆಕೆಗೆ ಆ ಕೆಲಸವೇ ಆಧಾರ. ಇದೆಲ್ಲ ಅವಳದೇ ಕಿತಾಪತಿಯೆಂದು ಅವನು ಎಲ್ಲರೆದುರು ಕೂಗಾಡಿ, ನಾಳೆಯಿಂದ ಬರಬೇಡವೆಂದು ಹೇಳಿ ಬಂದಿದ್ದ.

ಗುರುಗಳಿಗೂ ಸಿಟ್ಟು ಬಂದಿತ್ತು. ಯಾರ ಮೇಲೆಂದು ಹೇಳಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಅನ್ನಛತ್ರ ನಡೆಸುತ್ತಿದ್ದ. ಅಲ್ಲಿಗೆ ಒಬ್ಬ ಠಕ್ಕ ಅತಿಥಿಯಾಗಿ ಬಂದು ಸೇರಿಕೊಂಡ. ಅಡುಗೆಮನೆಯ ತುಪ್ಪ ಕದಿಯುವಾಗ ಸಿಕ್ಕಿಬಿದ್ದ. ವ್ಯಾಪಾರಿ ಅವನಿಗೆ ನಾಲ್ಕು ಬಿಗಿದು ಆಚೆ ಅಟ್ಟಿದ. ಬೆಳಿಗ್ಗೆ ನೋಡಿದರೆ ತುಪ್ಪದ ಗಡಿಗೆ ಬರಿದು. ಮುಂಬಾಗಿಲಿಗೆ ಹೊಸ ಬೀಗ ಹಾಕಿದ, ತುಪ್ಪ ಹೋಯಿತು. ಕಿಟಕಿಗೆ ಸರಳು ಹಾಕಿಸಿದ, ಆಗಲೂ ಹೋಯಿತು. ನಾಯಿ ಕಟ್ಟಿದ. ನಾಯಿ ಕಳ್ಳನ ಕೈಯ ತುಪ್ಪ ನೆಕ್ಕಿ ಬಾಲ ಅಲ್ಲಾಡಿಸಿತು.

ಹಸಿದು ಬಂದವರ ಎಲೆಯ ತುಪ್ಪವನ್ನು ಕದಿಯುವುದೆಂದರೇನು! ವ್ಯಾಪಾರಿಗೆ ಪಿತ್ತ ನೆತ್ತಿಗೇರಿತು. ಎಲ್ಲರಿಗಿಂತ ಮೊದಲು ಏಳುವವನು ಅಡುಗೆಯವನು. ವ್ಯಾಪಾರಿ ಅವನ ಕೈಯಿಂದ ಸೌಟು ಕಿತ್ತುಕೊಂಡ.

“ನನ್ನ ಮನೆಯ ಅನ್ನ ತಿಂದು ನನಗೇ ದ್ರೋಹ ಮಾಡಿದೆಯಲ್ಲೋ! ನಡಿ ಆಚೆ!”

“ಸಾಹುಕಾರರೇ, ನಿಮ್ಮ ಮನೆಯ ಕಟ್ಟಳೆಯಲ್ಲಿ ನಾನು ಒಂದನ್ನೂ ಬಿಟ್ಟಿಲ್ಲ. ಒಂದು ಬೆಳಿಗ್ಗೆ ನನ್ನ ಜೊತೆ ನಿಂತು ನೋಡಿ,” ಎಂದ ಅಡುಗೆಯವನು.

ವ್ಯಾಪಾರಿ ನಿಲ್ಲಲೂ ಇಲ್ಲ, ನೋಡಲೂ ಇಲ್ಲ. ಅಡುಗೆಯವನು ಕಳ್ಳನೆನ್ನಿಸಿಕೊಂಡು ಹೆಂಡತಿ ಮಕ್ಕಳ ಮುಂದೆ ಹೋಗಿ ನಿಂತ.

ಹೊಸ ಅಡುಗೆಯವನು ಬಂದ. ನೀರು ಸೇದುವ ಆಳು ಅವನಿಗೆ ಬೆಳಗಿನ ಕಟ್ಟಳೆಗಳನ್ನೆಲ್ಲ ಹೇಳಿಕೊಟ್ಟ. ಅವನು ಹಾಗೆಯೇ ನಡೆದುಕೊಂಡ. ತುಪ್ಪ ಹೋಗುವುದು ನಿಲ್ಲಲಿಲ್ಲ.

ಆಗ ವ್ಯಾಪಾರಿ ತಾನೇ ಬೇಗ ಎದ್ದು ಅಡುಗೆಮನೆಯ ಮೂಲೆಯಲ್ಲಿ ನಿಂತ. ಹೊಸಬ ದೀಪ ಹಚ್ಚಿದ. ಅದು ವ್ಯಾಪಾರಿಯ ತಂದೆ ಹಾಕಿದ ಕಟ್ಟಳೆ. ಒಲೆಗೆ ಅರಿಶಿನ ಕುಂಕುಮ ಇಟ್ಟ. ಅದು ತಾಯಿಯದು. ಹಸುವಿಗೆಂದು ಹಿಡಿ ಅಕ್ಕಿ ತೆಗೆದಿಟ್ಟ. ಅದು ವ್ಯಾಪಾರಿ ತಾನೇ ಹೇಳಿದ್ದು. ಆಮೇಲೆ ಹಿತ್ತಿಲ ಬಾಗಿಲ ಅಗುಳಿ ತೆಗೆದು, ಗೋಡೆಗೆ ಮುಖ ಮಾಡಿ, ಕಣ್ಣು ಮುಚ್ಚಿ ನಿಂತ.

“ಇದನ್ನು ಯಾರು ಹೇಳಿದ್ದು?”

“ನಿಮ್ಮದೇ ಹರಕೆಯಂತಲ್ಲ, ಸ್ವಾಮಿ!”

ವ್ಯಾಪಾರಿ ಅಂಥ ಹರಕೆಯನ್ನು ಹೊತ್ತೇ ಇರಲಿಲ್ಲ. ಠಕ್ಕ ಬಂದ ದಿನವೇ ಆಳುಗಳ ಬಳಿ ಕೂತು, ಯಜಮಾನರ ಹರಕೆಯೆಂದು ಹೇಳಿ, ಮನೆಯ ಕಟ್ಟಳೆಗಳ ನಡುವೆ ತನ್ನದೊಂದನ್ನು ಸೇರಿಸಿಬಿಟ್ಟಿದ್ದ. ಹರಕೆಯ ವಿಷಯವನ್ನು ಹೊತ್ತವರ ಮುಂದೆ ಬಾಯಿಬಿಟ್ಟು ಆಡಿದರೆ ಫಲ ಕೆಡುತ್ತದೆಂದು ಆ ಮನೆಯಲ್ಲಿ ನಂಬಿಕೆ. ಆದ್ದರಿಂದ ಯಜಮಾನನನ್ನು ಯಾರೂ ಕೇಳಲಿಲ್ಲ, ಅವನಿಗೆ ಯಾರೂ ಹೇಳಲಿಲ್ಲ. ವ್ಯಾಪಾರಿ ಅಟ್ಟಿದ್ದು ಠಕ್ಕನನ್ನು ಮಾತ್ರ. ಅವನು ಹಾಕಿದ ಕಟ್ಟಳೆ ಮನೆಯಲ್ಲೇ ಇದ್ದು, ದಿನಾ ಬೆಳಿಗ್ಗೆ ಅವನಿಗೆ ಬಾಗಿಲು ತೆಗೆಯುತ್ತಿತ್ತು.

ವ್ಯಾಪಾರಿ ಹಳೆಯ ಅಡುಗೆಯವನ ಮನೆಗೆ ಓಡಿದ.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿ, “ಮರಿ, ಕಂಪ್ಯೂಟರ್ ಎದ್ದ ಕೂಡಲೇ ಏನೇನು ಮಾಡಬೇಕೆಂಬ ಕಟ್ಟಳೆ ಅದರೊಳಗೇ ಇರುತ್ತದಲ್ಲ?” ಎಂದರು.

“ಸೆಟ್ಟಿಂಗ್ಸ್‌ನಲ್ಲಿ ಇರುತ್ತದೆ, ಬುದ್ಧಿ.”

“ಅದರಲ್ಲಿ ನಾವು ಹಾಕದೆ ಬಂದು ಕೂತಿರುವುದು ಯಾವುದೆಂದು ನೋಡಿದೆಯಾ?”

ಸದ್ಯೋಜಾತ ನೋಡಿರಲಿಲ್ಲ. ಅಳಿಸುವುದರಲ್ಲಿ, ಕೂಗಾಡುವುದರಲ್ಲಿ ಅವನ ಪೌರುಷವೆಲ್ಲ ಮುಗಿದಿತ್ತು. ತಲೆ ತಗ್ಗಿಸಿ, “ಆ ಅಡುಗೆಯವನು ಸಿಕ್ಕಿದನೇ, ಬುದ್ಧಿ?” ಎಂದು ಕೇಳಿದ.

“ಅವನು ಊರು ಬಿಟ್ಟು ಹೋಗಿದ್ದ. ಮರುಳಮ್ಮ ಇನ್ನೂ ದಾಸೋಹದ ಮೆಟ್ಟಿಲ ಮೇಲೆ ಅಳುತ್ತ ಕೂತಿದ್ದಾಳೆ.”