ಅತ್ತೆಯ ಮಂಡಿಗೆ ಮೂಲ ಆಕರ

ಇತಿಹಾಸದ ಪ್ರೊಫೆಸರ್ ಅನಂತಶಯನರು ವಿಶ್ವವಿದ್ಯಾಲಯಕ್ಕೆ ಸೇರಿದಂದಿನಿಂದ ಹೇಳಿಕೊಟ್ಟ ಪಾಠ ಒಂದೇ: ಮೂಲ ಆಕರ ನೋಡದೆ ಯಾರ ಮಾತನ್ನೂ ನಂಬಬೇಡಿ.

ಜವಾನ ನಿಂಗರಾಜು ರಜೆ ಕೇಳಿದ. "ಅತ್ತೆಗೆ ಮಂಡಿನೋವು ಸಾರ್, ಆಸ್ಪತ್ರೆಗೆ ಕರಕೊಂಡು ಹೋಗ್ಬೇಕು."

"ಬರೀ ಬಾಯಿಮಾತು! ಮೂಲ ಆಕರ ಎಲ್ಲಯ್ಯಾ?"

ಮರುದಿನ ನಿಂಗರಾಜು ಅತ್ತೆಯನ್ನೇ ಕರೆತಂದು ಪ್ರೊಫೆಸರ ಎದುರು ಕೂರಿಸಿದ. ಆಕೆ ಮಂಡಿನೋವಿನ ಕಥೆಯನ್ನು ತನ್ನ ಮದುವೆಯಿಂದ ಶುರುಮಾಡಿದಳು. ಊಟದ ಹೊತ್ತಾದರೂ ಕಥೆ ಇನ್ನೂ ಮೊದಲ ಬಾಣಂತನ ದಾಟಿರಲಿಲ್ಲ.

"ನಂಬಿದೆ ಕಣಯ್ಯಾ, ಕರಕೊಂಡು ಹೋಗು!" ಪ್ರೊಫೆಸರು ಕೈಮುಗಿದರು.

"ಒಂದೇ ಆಕರ ಸಾಲದು, ಇನ್ನೊಂದರ ಜೊತೆ ಹೋಲಿಸಿ ನೋಡ್ಬೇಕು ಅಂತ ಕ್ಲಾಸಲ್ಲಿ ನೀವೇ ಹೇಳ್ತೀರಲ್ಲ ಸಾರ್? ಅದಕ್ಕೇ ಅತ್ತೆಯ ತಂಗೀನೂ ಕರಕೊಂಡು ಬಂದಿದೀನಿ. ಬಾಗಿಲಲ್ಲೇ ಕೂತವ್ರೆ."

ಪ್ರೊಫೆಸರು ಒಂದು ವಾರದ ರಜೆ ಬರೆದುಕೊಟ್ಟು, ಹಿಂಬಾಗಿಲಿಂದ ಊಟಕ್ಕೆ ಹೋದರು.